ನೋಂಬಿನಲ್ಲಿ ಹಲ್ಲುಜ್ಜಬಹುದೇ? ಹೊಸೂರಿನ ರೂಮುಗಳಲ್ಲಿ ಏಳುವ ಪ್ರಶ್ನೆ

ಕರಾವಳಿಯಿಂದ ಹೊಸೂರಿಗೆ ಕೆಲಸಕ್ಕೋ ವ್ಯಾಪಾರಕ್ಕೋ ಹೋದ ಬ್ಯಾರಿ ಹುಡುಗರಿಗೆ ರಮಝಾನ್‌ನಲ್ಲಿ ಒಂದು ಗೊಂದಲ ಶುರುವಾಗುತ್ತದೆ. ಒಂದೇ ರೂಮಿನ ಉರ್ದು ಮಾತಾಡುವ ಗೆಳೆಯ ಅಸರ್ ಹೊತ್ತಿಗೂ ಮಿಸ್ವಾಕ್ ಮಾಡುತ್ತಾನೆ. ಊರಿನ ಮದ್ರಸದಲ್ಲಿ ಉಸ್ತಾದರು ಕಲಿಸಿದ್ದು, ಮಧ್ಯಾಹ್ನದ ಮೇಲೆ ಬೇಡ ಅಂತ. ಯಾರದ್ದು ಸರಿ?

ಇಬ್ಬರದ್ದೂ. ಹೊಸೂರು, ಕೃಷ್ಣಗಿರಿ ಕಡೆಯ ಉರ್ದು ಭಾಷಿಕ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಅವರಿಗೆ ಉಪವಾಸದ ದಿನವಿಡೀ ಮಿಸ್ವಾಕ್ ಆಗುತ್ತದೆ. ಬ್ಯಾರಿಗಳು ಶಾಫಿಈಗಳು. ಈ ಮದ್‌ಹಬ್‌ನಲ್ಲಿ ಸೂರ್ಯ ನೆತ್ತಿಯಿಂದ ವಾಲಿದಲ್ಲಿಂದ ಮಗ್ರಿಬ್ ತನಕ ಮಿಸ್ವಾಕ್ ಕರಾಹತ್. ಉಪವಾಸಿಗರ ಬಾಯಿಯ ವಾಸನೆ ಅಲ್ಲಾಹನಲ್ಲಿ ಕಸ್ತೂರಿಗಿಂತ ಮೇಲು ಎಂಬ ಹದೀಸ್ ಇದಕ್ಕೆ ಆಧಾರ. ಆದರೆ ಕರಾಹತ್ ಅಂದರೆ ಹರಾಮ್ ಅಲ್ಲ, ಅದರಿಂದ ನೋಂಬು ಮುರಿಯುವುದೂ ಇಲ್ಲ. ಶಾಫಿಈಗಳ ದೊಡ್ಡ ವಿದ್ವಾಂಸ ಇಮಾಮ್ ನವವಿಯವರೇ ತಮ್ಮ 'ಮಜ್ಮೂಅ್'ನಲ್ಲಿ ಕರಾಹತ್ ಇಲ್ಲ ಎಂಬ ಕಡೆಗೆ ಒಲವು ತೋರಿಸಿದ್ದಾರೆ. ನಿದ್ದೆಯಂತಹ ಬೇರೆ ಕಾರಣದಿಂದ ಬಾಯಿ ವಾಸನೆ ಬಂದರೆ ಉಜ್ಜಬಹುದು ಎಂದ ಶಾಫಿಈ ವಿದ್ವಾಂಸರೂ ಇದ್ದಾರೆ. ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗುವವರು ಇದನ್ನು ಉಸ್ತಾದರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಪೇಸ್ಟಿನ ಕತೆ ಬೇರೆ. ಬಾಯಲ್ಲಿ ಹಾಕಿದರೆ ನೋಂಬು ಹೋಗುವುದಿಲ್ಲ, ಗಂಟಲಿಗೆ ಇಳಿದರೆ ಹೋಯಿತು. ಅತ್ತಾಯ ಉಂಡು ಸುಬಹ್ ಬಾಂಗಿಗೆ ಮುಂಚೆ ಚೆನ್ನಾಗಿ ಬ್ರಷ್ ಮಾಡಿದರೆ ಈ ತಲೆಬಿಸಿಯೇ ಇಲ್ಲ. ವುಝೂವಿನಲ್ಲಿ ಬಾಯಿ ಮುಕ್ಕಳಿಸುವುದು ಸುನ್ನತ್, ಆದರೆ ನೋಂಬಿನ ದಿನ ಗಂಟಲ ತನಕ ನೀರು ಒಯ್ಯಬಾರದು.

ಸ್ನಾನಕ್ಕೆ ತಡೆಯಿಲ್ಲ. ಪ್ರವಾದಿಯವರು (ಸ) ಉಪವಾಸದಲ್ಲಿ ಸೆಕೆಗೆ ತಲೆಗೆ ನೀರು ಸುರಿದುಕೊಂಡದ್ದು ಹದೀಸ್‌ನಲ್ಲಿದೆ. ಕಡ್ಡಾಯ ಸ್ನಾನ ಬಾಕಿಯಿದ್ದು ಸುಬಹ್ ಆದರೂ ನೋಂಬು ಸಿಂಧು, ನಮಾಝಿಗೆ ಮಾತ್ರ ಸ್ನಾನ ಆಗಲೇಬೇಕು.

ಮೈ ತೊಳೆಯುವುದಕ್ಕೇ ನಿಷೇಧ ಇರುವುದು ಯಹೂದಿ ಕಾನೂನಿನಲ್ಲಿ. ಅವರ ಯೋಮ್ ಕಿಪ್ಪುರ್ ಉಪವಾಸದಂದು ಅನ್ನ, ನೀರಿನ ಜೊತೆ ಸುಖಕ್ಕಾಗಿ ಸ್ನಾನ, ಮೈಗೆ ಎಣ್ಣೆ, ಚರ್ಮದ ಚಪ್ಪಲಿ, ದಾಂಪತ್ಯ ಎಲ್ಲವೂ ನಿಷಿದ್ಧ. ಬೆಳಿಗ್ಗೆ ಬೆರಳುಗಳನ್ನು ಮಾತ್ರ ಬುಡದ ತನಕ ತೊಳೆಯುತ್ತಾರೆ. ಕೈಗೆ ಕೆಸರೋ ಕೊಳೆಯೋ ಅಂಟಿದರೆ ಅಷ್ಟನ್ನು ತೊಳೆಯಲು ಅಲ್ಲಿಯೂ ಅನುಮತಿ ಇದೆ.

ಪೆರ್ನಾಲ್ ದಿನದ ಸ್ನಾನ ಸುನ್ನತ್. ಶಾಫಿಈ ಪ್ರಕಾರ ಅದರ ಸಮಯ ಹಿಂದಿನ ಮಧ್ಯರಾತ್ರಿಗೇ ಶುರು. ಹಾಗಾಗಿ ರಾತ್ರಿ ಪಾಳಿಗೆ ಹೋಗುವವರು 1 ಗಂಟೆಗೆ ಸ್ನಾನ ಮಾಡಿದರೂ ಸಿಗುತ್ತದೆ. ಜುಮಾದ್ದು ಹಾಗಲ್ಲ, ಅದಕ್ಕೆ ಸುಬಹ್ ಆಗಲೇಬೇಕು.