ಕರಿ ಚುಕ್ಕೆ ಬಿದ್ದ ಬಲ್ಬು

ಎಲ್‌ಇಡಿ ಬಲ್ಬು ಆರಿತೆಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕಸಕ್ಕೆ ಹಾಕುವುದು ನಮ್ಮ ಮನೆಗಳ ರೂಢಿ. ಅಲ್ಲಾಡಿಸುವುದು ಹಳೆ ಬಲ್ಬಿನ ಕಾಲದ ಅಭ್ಯಾಸ. ಇದರಲ್ಲಿ ತುಂಡಾಗಲು ಆ ತಂತಿಯೇ ಇಲ್ಲವಲ್ಲ!

ಕಳೆದ ಮಳೆಗಾಲದಲ್ಲಿ ನಮ್ಮ ಮದ್ರಸದ ಜಗಲಿಯ ಐದು ಬಲ್ಬುಗಳು ಒಂದರ ಹಿಂದೆ ಒಂದು ಹೋದವು. ನಾಲ್ಕನ್ನು ಬಿಚ್ಚಿದೆವು. ಬಿಳಿ ಗೋಳವನ್ನು ಅಂಟು ಹಾಕಿ ಕೂರಿಸಿರ್ತಾರೆ, ಅಂಚಿಗೆ ಮೊಂಡು ಚಾಕು ಹಾಕಿ ಸುತ್ತ ತಿರುಗಿಸಿದರೆ ಬರ್ತದೆ. ಒಳಗೆ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಹಳದಿ ಚೌಕಗಳು, ತಸ್ಬೀಹ್ ಮಣಿಯ ಹಾಗೆ ಒಂದೇ ಸಾಲಿನಲ್ಲಿ. ಕರೆಂಟು ಒಂದರೊಳಗಿಂದ ದಾಟಿಯೇ ಇನ್ನೊಂದಕ್ಕೆ ಹೋಗಬೇಕು. ಒಂದು ಸುಟ್ಟರೆ ಎಲ್ಲವೂ ಕತ್ತಲೆ. ಸುಟ್ಟದ್ದರ ಮೇಲೆ ಹೆಚ್ಚಾಗಿ ಸೂಜಿಮೊನೆಯಷ್ಟು ಕರಿ ಚುಕ್ಕೆ ಇರ್ತದೆ. ನಮ್ಮ ಮೂರು ಬಲ್ಬುಗಳಲ್ಲೂ ಅದೇ ಕಂಡಿತು. ನಾಲ್ಕನೆಯದರಲ್ಲಿ ಡ್ರೈವರೇ ಕರಟಿ ಹೋಗಿತ್ತು, ಅದನ್ನು ಬಿಟ್ಟೆವು.

ಆ ಚೌಕವನ್ನು ಕಿತ್ತು ಎರಡು ತುದಿಗಳನ್ನು ಸೋಲ್ಡರ್‌ನಿಂದ ಸೇರಿಸಿದರೆ ಉಳಿದವು ಉರಿಯುತ್ತವೆ, ಬೆಳಕು ಸ್ವಲ್ಪ ಕಡಿಮೆ. ಆದರೆ ಹೇಳಿದಷ್ಟು ಸುಲಭ ಅಲ್ಲ ಮಾರಾಯ್ರೆ. ತಟ್ಟೆ ಬಿಸಿಯನ್ನೆಲ್ಲ ಎಳೆದುಕೊಳ್ತದೆ, 25 ವ್ಯಾಟ್‌ನ ಕಡ್ಡಿಗೆ ಸೋಲ್ಡರ್ ಕರಗುವುದೇ ಕಷ್ಟ. ಇಸ್ತ್ರಿಪೆಟ್ಟಿಗೆ ಮಗುಚಿಟ್ಟು ಅದರ ಮೇಲೆ ತಟ್ಟೆ ಕಾಯಿಸುವವರೂ ಇದ್ದಾರೆ. ನಮಗೆ ಮನೆಯಲ್ಲಿ ಅದಕ್ಕೆ ಅನುಮತಿ ಸಿಗಲಿಲ್ಲ. ಮೊಬೈಲ್ ಅಂಗಡಿಯಿಂದ ದೊಡ್ಡ ಕಡ್ಡಿ ತಂದೆವು.

ಅದೇ ಬಲ್ಬಿನಲ್ಲಿ ಎರಡನೇ ಚುಕ್ಕೆ ಬಿದ್ದರೆ ಮತ್ತೆ ಸೇರಿಸಲು ಹೋಗಬೇಡಿ. ಅಗ್ಗದ ಬಲ್ಬುಗಳಲ್ಲಿ ಸತ್ತ ಚೌಕದ ಪಾಲಿನ ವೋಲ್ಟೇಜು ಡ್ರೈವರಿನ ಮೇಲೆ ಬೀಳ್ತದೆ, ಅದೂ ಕಾದು ಸಾಯ್ತದೆ.

ನಾವು ಹೆದರಿದ್ದು ಬೇರೆ ಕಡೆ. ಸೋಲ್ಡರ್ ಮುಗಿದ ಕೂಡಲೇ ಹನ್ನೆರಡು ವರ್ಷದ ಹುಡುಗನೊಬ್ಬ ಗೋಳವಿಲ್ಲದ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ ಸ್ವಿಚ್ಚಿಗೆ ಕೈ ಹಾಕಿದ್ದ. ಇನ್ನೊಬ್ಬನ ಬೆರಳು ತಟ್ಟೆಯ ಹತ್ತಿರವೇ ಇತ್ತು. ಮೊದಲನೆಯವನ ಕೈ ಹಿಡಿದು ಎಳೆದೆವು. ಆ ತಟ್ಟೆಗೂ 230 ವೋಲ್ಟಿನ ಲೈನಿಗೂ ನಡುವೆ ಹೆಚ್ಚಿನ ಬಲ್ಬುಗಳಲ್ಲಿ ತಡೆಯೇ ಇಲ್ಲ. ಕಳಚಿದ ಮೇಲೂ ಒಳಗಿನ ಕೆಪ್ಯಾಸಿಟರ್ ಸ್ವಲ್ಪ ಹೊತ್ತು ಹೊಡೀತದೆ. ಮಕ್ಕಳು ನೋಡಲಿ, ಮುಟ್ಟುವುದು ಬೇಡ. ಗೋಳ ಕೂರಿಸಿದ ಮೇಲೆಯೇ ಸ್ವಿಚ್ಚು.

ಐದನೆಯದು ಹಳೆ ಸಿಎಫ್‌ಎಲ್. ಅದನ್ನು ಬಿಚ್ಚಲಿಲ್ಲ, ಕೊಳವೆಯೊಳಗೆ ಪಾದರಸ ಉಂಟು. ಅಕಸ್ಮಾತ್ ಒಡೆದರೆ ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಆಮೇಲೆ ಪೊರಕೆ ಹಾಕದೆ ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ ಮುಚ್ಚಳದ ಬಾಟ್ಲಿಗೆ ಹಾಕಿ.

ಹೊಸ ಬಲ್ಬು ನೂರು ರೂಪಾಯಿಗೆ ಸಿಗುವಾಗ ಇಷ್ಟೆಲ್ಲ ರಗಳೆ ಯಾಕೆ ಎಂದು ಮನೆಯಲ್ಲೂ ಕೇಳಿದರು. ಒಂದು ಚೌಕ ಸತ್ತದ್ದಕ್ಕೆ ಉಳಿದದ್ದನ್ನೆಲ್ಲ ಎಸೆಯಲು ನಮ್ಮ ಮನಸ್ಸು ಒಪ್ಪಲಿಲ್ಲ, ಅಷ್ಟೆ. ಮೂರರಲ್ಲಿ ಒಂದು ಹನ್ನೊಂದೇ ದಿನಕ್ಕೆ ಹೋಯಿತು. ಎರಡು ಜಗಲಿಯಲ್ಲಿ ಈಗಲೂ ಉರಿಯುತ್ತಿವೆ.