ಹಿರಿಯ ನಾಗರಿಕರ ಶ್ರವಣದೋಷ, ಮಾನಸಿಕ ನೆಮ್ಮದಿ ಹಾಗೂ ಲಭ್ಯವಿರುವ ಸೌಲಭ್ಯಗಳು

ಕಾಪು ತಾಲ್ಲೂಕಿನ ಇನ್ನಂಜೆಯಂತಹ ಗ್ರಾಮಗಳ ಅನೇಕ ಮನೆಗಳಲ್ಲಿ ಮಕ್ಕಳು ಮುಂಬಯಿಯಲ್ಲಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದು, ಊರಿನಲ್ಲಿರುವ ತಂದೆ ತಾಯಿಯರಿಗೆ ದೂರವಾಣಿಯೇ ಮುಖ್ಯ ಸಂಪರ್ಕವಾಗಿರುತ್ತದೆ. ಕಿವಿ ಮಂದವಾದಾಗ ಈ ಸಂಪರ್ಕವೇ ಮೊದಲು ಸಡಿಲಗೊಳ್ಳುತ್ತದೆ. ಕರೆ ಬಂದಾಗ ಹಿರಿಯರು "ಎಲ್ಲ ಸೌಖ್ಯ" ಎಂದಷ್ಟೇ ಹೇಳಿ ಫೋನನ್ನು ಬೇರೆಯವರ ಕೈಗೆ ಕೊಡುತ್ತಾರೆ. ಕ್ರಮೇಣ ಮದುವೆ, ಕೋಲ, ಯಕ್ಷಗಾನಗಳಿಗೆ ಹೋಗುವುದೂ ಕಡಿಮೆಯಾಗುತ್ತದೆ. ಮನೆಯವರು ಇದನ್ನು ಹಠವೆಂದೋ ಮರೆವೆಂದೋ ಭಾವಿಸುವುದೇ ಹೆಚ್ಚು.

ವಯೋಸಹಜ ಶ್ರವಣದೋಷದಲ್ಲಿ ಸಾಮಾನ್ಯವಾಗಿ ಎತ್ತರದ ಸ್ಥಾಯಿಯ ಧ್ವನಿಗಳು ಮೊದಲು ಕ್ಷೀಣಿಸುತ್ತವೆ. ಸ್ವರಾಕ್ಷರಗಳು ಕೇಳಿಸಿದರೂ ಸ, ಶ, ತ ಮೊದಲಾದ ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. 'ಸಾಲು' ಎಂದದ್ದು 'ಹಾಲು' ಎಂದು ಕೇಳಿಸಬಹುದು. "ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ" ಎಂಬ ಹಿರಿಯರ ದೂರು ಅಕ್ಷರಶಃ ನಿಜ. ಕೂಗಿ ಹೇಳುವುದರಿಂದ ಪ್ರಯೋಜನವಿಲ್ಲ. ಕೂಗು ಗದರಿಕೆಯಂತೆ ತೋರಿ ಮನಸ್ಸು ಮತ್ತಷ್ಟು ಮುದುಡುತ್ತದೆ. ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಬೇಕು. ಆ ವೇಳೆ ಟಿವಿ ಆರಿಸಿರಬೇಕು.

ತಪ್ಪು ಉತ್ತರ ಕೊಟ್ಟು ನಗೆಗೀಡಾಗುವ ಭಯ, ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆಂಬ ಶಂಕೆ, ಗಮನವಿಟ್ಟು ಕೇಳಿ ಕೇಳಿ ಆಗುವ ಆಯಾಸ ಇವೆಲ್ಲ ಒಟ್ಟುಗೂಡಿ ಖಿನ್ನತೆಗೆ ದಾರಿಯಾಗಬಹುದು. ಲ್ಯಾನ್ಸೆಟ್ ಆಯೋಗದ 2017, 2020 ಹಾಗೂ 2024ರ ವರದಿಗಳು ಶ್ರವಣದೋಷವನ್ನು ಮರೆಗುಳಿ ಕಾಯಿಲೆಯ ತಗ್ಗಿಸಬಹುದಾದ ಅಪಾಯಗಳಲ್ಲಿ ಒಂದೆಂದು ಗುರುತಿಸಿವೆ. ಕಿವಿ ಮಂದವಾದವರಿಗೆಲ್ಲ ಮರೆವು ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಮರೆವಿನ ಪರೀಕ್ಷೆಗೆ ಮುನ್ನ ಕಿವಿಯ ಪರೀಕ್ಷೆ ಅಗತ್ಯ. ಪ್ರಶ್ನೆಯೇ ಕೇಳಿಸದವರು ಸರಿಯಾಗಿ ಉತ್ತರಿಸಲಾರರು.

ಕೆಲವರಲ್ಲಿ ಕಾರಣ ಗುಗ್ಗೆ ಮಾತ್ರವಾಗಿದ್ದು, ವೈದ್ಯರು ಅದನ್ನು ತೆಗೆದರೆ ಸಾಕಾಗುತ್ತದೆ. ಹಠಾತ್ತನೆ ಕಿವಿ ಕೇಳಿಸದಂತಾದಲ್ಲಿ ಮಾತ್ರ ಒಂದು ದಿನವೂ ತಡಮಾಡಬಾರದು. ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗವನ್ನು ಸಂಪರ್ಕಿಸಬಹುದು.

ಅರ್ಜಿದಾರರಲ್ಲಿ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ವ್ಯಾಖ್ಯೆಯಂತೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದವರು ಮಂದಶ್ರವಣರು. 70 ಡೆಸಿಬಲ್ ನಷ್ಟವಿದ್ದವರು ಕಿವುಡರು. ಅಷ್ಟು ನಷ್ಟವಿಲ್ಲದೆ ಪ್ರಮಾಣಪತ್ರ ದೊರೆಯದ ಹಿರಿಯರು ತಮಗೆ ಯಾವ ಸೌಲಭ್ಯವೂ ಇಲ್ಲವೆಂದು ಹಿಂದಿರುಗುತ್ತಾರೆ. ಇದು ಸರಿಯಲ್ಲ. 2017ರ ಏಪ್ರಿಲ್ 1ರಂದು ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯು ವಯೋಸಹಜ ದೋಷಗಳಿಗೇ ಮೀಸಲು. 60 ವರ್ಷ ತುಂಬಿದ, ಬಡತನ ರೇಖೆಗಿಂತ ಕೆಳಗಿರುವ ಅಥವಾ ಮಾಸಿಕ ಆದಾಯ ರೂ. 15,000 ಮೀರದ ಹಿರಿಯರಿಗೆ ಶಿಬಿರಗಳಲ್ಲಿ ತಪಾಸಣೆ ನಡೆಸಿ ಶ್ರವಣ ಸಾಧನವನ್ನು ಉಚಿತವಾಗಿ ನೀಡಲಾಗುತ್ತದೆ. ಆಧಾರ್, ವಯಸ್ಸಿನ ದಾಖಲೆ, ಪಡಿತರ ಚೀಟಿ ಅಥವಾ ಆದಾಯ ಪ್ರಮಾಣಪತ್ರ ಸಿದ್ಧವಿರಲಿ. ಶಿಬಿರದ ದಿನಾಂಕವನ್ನು ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸತಕ್ಕದ್ದು.

ಸಾಧನ ಪಡೆದ ನಂತರ ಅದನ್ನು ಪೆಟ್ಟಿಗೆಯಲ್ಲಿಡುವ ಪ್ರವೃತ್ತಿಯೂ ಇದೆ. ಕನ್ನಡಕಕ್ಕಿಲ್ಲದ ಸಂಕೋಚ ಇದಕ್ಕೇಕೆಂಬುದು ತಿಳಿಯದು. ಮೊದಲ ವಾರಗಳಲ್ಲಿ ಪಾತ್ರೆಗಳ ಸದ್ದೂ ಕರ್ಕಶವೆನಿಸುತ್ತದೆ. ಆರಂಭದಲ್ಲಿ ಮನೆಯೊಳಗೆ ದಿನಕ್ಕೆ ಕೆಲವು ಗಂಟೆ ಮಾತ್ರ ಧರಿಸಿ, ಅವಧಿಯನ್ನು ಹೆಚ್ಚಿಸುತ್ತಾ ಹೋಗಬೇಕು.

ಹಿರಿಯರ ಸಹಾಯವಾಣಿ 14567 ಹಾಗೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಸಂಖ್ಯೆಗಳಿಗೆ, ಕಿವಿ ಕೇಳಿಸದವರ ಪರವಾಗಿ ಮನೆಯವರೂ ಕರೆ ಮಾಡಬಹುದಾಗಿದೆ.