ಎಲೆಕ್ಟ್ರಿಕ್ ಗಿಟಾರ್: ಅಂಗಡಿಯಲ್ಲಿ ಏನನ್ನು ಹೋಲಿಸಬೇಕು?

ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯನ್ನು ಕಂಡವರಿಗೆ ‘ಗ್ರೇಡ್’ ಎಂಬ ಮಾತಿನ ತೂಕ ಗೊತ್ತು. ಎಲೆಯ ಬಣ್ಣ, ದಪ್ಪ, ಕಲೆ, ತೇವ ಇವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಬೇಲಿನ ಗುಣವನ್ನು ನಿರ್ಧರಿಸುತ್ತಾರೆ. ಅಲ್ಲಿ ಕಣ್ಣು, ಕೈಗಳನ್ನು ನಂಬಬಹುದು. ಅವು ಪರೀಕ್ಷಿಸುವುದು ಮಾರಾಟವಾಗುವ ಎಲೆಯನ್ನೇ. ಹಾಗೆ ಬಂದ ಹಣದಲ್ಲಿ ಒಂದು ಪಾಲನ್ನು ಮಗನಿಗೋ ಮಗಳಿಗೋ ಎಲೆಕ್ಟ್ರಿಕ್ ಗಿಟಾರ್ ಕೊಡಿಸಲೆಂದು ತೆಗೆದಿಟ್ಟು, ಮೈಸೂರಿನ ವಾದ್ಯದ ಅಂಗಡಿಗೆ ಹೋದಿರಿ ಎಂದುಕೊಳ್ಳಿ. ಗೋಡೆಯ ತುಂಬ ಗಿಟಾರುಗಳು. ಒಂದಕ್ಕೆ ಹದಿನೈದು ಸಾವಿರ, ಪಕ್ಕದ್ದಕ್ಕೆ ಅರವತ್ತು ಸಾವಿರ. “ಈ ಮರಕ್ಕೆ ಗುಂಡು ನಾದ ಸಾರ್, ಆ ಮರಕ್ಕೆ ಚೂಪು ನಾದ” ಎನ್ನುತ್ತಾನೆ ಅಂಗಡಿಯ ಹುಡುಗ. ಇಲ್ಲಿ ಕಣ್ಣು ನೋಡುವುದು ಮರ ಮತ್ತು ಬಣ್ಣವನ್ನು. ನೀವು ಹಣ ಕೊಡುವುದು ನಾದಕ್ಕೆ. ಇವೆರಡರ ನಡುವೆ ಸಂಬಂಧ ಎಷ್ಟಿದೆ? ಪಿಯುಸಿಯ ಭೌತಶಾಸ್ತ್ರ ಪುಸ್ತಕವನ್ನು ಬಲ್ಲವರು ಈ ಪ್ರಶ್ನೆಯನ್ನು ಅಂಗಡಿಯಲ್ಲಿಯೇ ಬಿಡಿಸಬಹುದು.

ಮೊದಲು ನಮಗೆ ಪರಿಚಿತವಾದ ವೀಣೆಯನ್ನು ನೋಡೋಣ. ಬರಿಯ ತಂತಿ ಬಹಳ ತೆಳು. ಅದು ಗಾಳಿಯನ್ನು ಹೆಚ್ಚು ಕದಲಿಸಲಾರದು. ಮೀಟಿದ ತಂತಿಯ ಕಂಪನ ಕುದುರೆಯ ಮೂಲಕ ಹಲಸಿನ ಮರದ ಕೊಡಕ್ಕೆ ಇಳಿದು, ಕೊಡದ ಅಗಲವಾದ ಮೇಲ್ಮೈ ಗಾಳಿಯನ್ನು ಕದಲಿಸಿದಾಗ ನಮಗೆ ನಾದ ಕೇಳುತ್ತದೆ. ಆದ್ದರಿಂದ ವೀಣೆಯಲ್ಲಿ ಮರವೇ ಧ್ವನಿವರ್ಧಕ. ಎಲೆಕ್ಟ್ರಿಕ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಹಲಗೆ, ಒಳಗೆ ಪೊಳ್ಳು ಇಲ್ಲ. ಪ್ಲಗ್ ಹಾಕದೆ ಮೀಟಿದರೆ ಪಕ್ಕದ ಕೋಣೆಗೂ ಕೇಳುವುದಿಲ್ಲ. ಅದರ ನಾದ ಹುಟ್ಟುವ ದಾರಿಯೇ ಬೇರೆ.

ತಂತಿಗಳ ಕೆಳಗೆ, ಒಂದೆರಡು ಅಥವಾ ಮೂರು ಕಡೆ, ಉದ್ದನೆಯ ಪಟ್ಟಿಯಂಥ ಭಾಗಗಳನ್ನು ಗಮನಿಸಿರಬಹುದು. ಇವೇ ಪಿಕಪ್‌ಗಳು. ಒಳಗೆ ಕಾಯಂ ಕಾಂತಗಳಿವೆ. ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಕಾಂತವು ತನ್ನ ಮೇಲಿನ ಉಕ್ಕಿನ ತಂತಿಯ ತುಂಡನ್ನೂ ಕಾಂತವನ್ನಾಗಿ ಮಾಡುತ್ತದೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತೀಯ ಅಭಿವಾಹ ಏರಿಳಿಯುತ್ತದೆ, ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲ ಪ್ರೇರಿತವಾಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮವೇ ಇದು. ಸುರುಳಿಗೆ ತಿಳಿಯುವುದು ತನ್ನ ಮೇಲಿರುವ ತಂತಿಯ ತುಂಡು ಎಷ್ಟು ವೇಗವಾಗಿ ಚಲಿಸುತ್ತಿದೆ ಎಂಬುದು ಮಾತ್ರ. ಆ ತಂತಿ ಯಾವ ಮರದ ಮೇಲೆ ಕುಳಿತಿದೆ ಎಂಬುದು ಅದಕ್ಕೆ ನೇರವಾಗಿ ತಿಳಿಯದು.

ಇದಕ್ಕೆ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಶಾಂಪ್ ರೂಪಿಸಿದ, ರಿಕೆನ್‌ಬ್ಯಾಕರ್ ಹೆಸರಿನಲ್ಲಿ ಮಾರಾಟವಾದ ಮೊದಲ ಯಶಸ್ವಿ ಎಲೆಕ್ಟ್ರಿಕ್ ಗಿಟಾರಿನ ಮೈ ಮರದ್ದೇ ಆಗಿರಲಿಲ್ಲ, ಎರಕದ ಅಲ್ಯೂಮಿನಿಯಮ್. ದುಂಡು ಮೈ, ಉದ್ದ ಹಿಡಿ. ಜನ ಅದನ್ನು ‘ಬಾಣಲೆ’ ಎಂದು ಕರೆದರು! ತೊಡೆಯ ಮೇಲಿಟ್ಟು ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ಅದು. ನಮ್ಮ ಹಳೆಯ ಚಿತ್ರಗೀತೆಗಳಲ್ಲಿ ಎಳೆದಂತೆ ಕೇಳುವ ಗಿಟಾರು ಇದೇ ಜಾತಿಯದು.

ಹಾಗಾದರೆ ಎರಡು ಗಿಟಾರುಗಳ ನಾದ ಬೇರೆಬೇರೆ ಏಕೆ? ಮುಖ್ಯ ಕಾರಣ ಸುರುಳಿಯಲ್ಲಿಯೇ ಇದೆ. ಅಷ್ಟು ಸುತ್ತುಗಳಿರುವ ಸುರುಳಿಗೆ ಹೆಚ್ಚಿನ ಪ್ರೇರಕತ್ವ ಇರುತ್ತದೆ. ಒಂಟಿ ಸುರುಳಿಯ ಪಿಕಪ್ ಆದರೆ ಸುಮಾರು 2.5 ಹೆನ್ರಿ ಎಂದಿಟ್ಟುಕೊಳ್ಳೋಣ. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲು ಒಂದು ಧಾರಕ. ಒಳಗೊಂದು ತಂತಿ, ಸುತ್ತ ಲೋಹದ ಜಾಲರಿ, ನಡುವೆ ಅವಾಹಕ. ಇದರ ಧಾರಕತೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಪ್ರೇರಕ ಮತ್ತು ಧಾರಕ ಸೇರಿದಲ್ಲಿ ಅನುರಣನೆ ಇದ್ದೇ ಇರುತ್ತದೆ. ಎರಡರ ಗುಣಲಬ್ಧದ ವರ್ಗಮೂಲವನ್ನು ಎರಡು ಪೈಯಿಂದ ಗುಣಿಸಿ, ಬಂದ ಸಂಖ್ಯೆಯಿಂದ ಒಂದನ್ನು ಭಾಗಿಸಿದರೆ ಅನುರಣನೆಯ ಆವೃತ್ತಿ ಸಿಗುತ್ತದೆ. ಮೂರು ಮೀಟರ್ ಕೇಬಲ್ಲಿನ 300, ಸುರುಳಿಯದೇ ಆದ 100, ಒಟ್ಟು 400 ಪಿಕೊಫ್ಯಾರಡ್ ಎಂದು ಲೆಕ್ಕ ಹಾಕಿ. ಉತ್ತರ ಸುಮಾರು 5,000 ಹರ್ಟ್ಸ್. ಈಗ ಕೇಬಲ್ಲನ್ನು ಮಾತ್ರ ಆರು ಮೀಟರ್ ಮಾಡಿ: 3,800 ಹರ್ಟ್ಸ್. ಈ ಆವೃತ್ತಿಯ ಆಸುಪಾಸಿನ ಉಪಸ್ವರಗಳು ಎದ್ದು ಕೇಳುತ್ತವೆ, ಅದಕ್ಕಿಂತ ಮೇಲಿನವು ಬೇಗನೆ ಕುಗ್ಗುತ್ತವೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದೂ 2,000ದಿಂದ 5,000 ಹರ್ಟ್ಸ್ ನಡುವೆಯೇ. ಅಂದರೆ ಗಿಟಾರನ್ನು ಮುಟ್ಟದೆ, ಕೇಬಲ್ಲನ್ನಷ್ಟೇ ಬದಲಿಸಿ ‘ಚೂಪು ನಾದ’ವನ್ನು ‘ಗುಂಡು ನಾದ’ದ ಕಡೆಗೆ ತಿರುಗಿಸಬಹುದು! ಒಂದು ಗಿಟಾರನ್ನು ಗಿಡ್ಡ ಕೇಬಲ್ಲಿನಲ್ಲಿ, ಇನ್ನೊಂದನ್ನು ಉದ್ದ ಕೇಬಲ್ಲಿನಲ್ಲಿ ಕೇಳಿಸಿದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ವಿದ್ಯಾರ್ಥಿಗಳಿಗೆ ಪರ್ಯಾಯ ವಿದ್ಯುತ್ತಿನ ಪಾಠದಲ್ಲಿ ಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಕೆಲವು ಪಿಕಪ್‌ಗಳಲ್ಲಿ ಎರಡು ಸುರುಳಿಗಳು ಅಕ್ಕಪಕ್ಕ ಇರುತ್ತವೆ. ಇವನ್ನು ‘ಹಂಬಕರ್’ ಎನ್ನುತ್ತಾರೆ. ಒಂಟಿ ಸುರುಳಿಯು ತಂತಿಯ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ ಮಾರ್ಗ, ಟ್ರಾನ್ಸ್‌ಫಾರ್ಮರ್, ಮೋಟಾರುಗಳ ಕಾಂತಕ್ಷೇತ್ರವನ್ನೂ ಗ್ರಹಿಸಿ, ನಮ್ಮ ದೇಶದ 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ‘ಗುಂಯ್’ ಎನ್ನುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿದರೆ ಹೊರಗಿನ ಕ್ಷೇತ್ರದಿಂದ ಹುಟ್ಟುವ ವಿಭವಗಳು ಒಂದನ್ನೊಂದು ಕಳೆಯುತ್ತವೆ. ತಂತಿಯ ಸಂಕೇತವೂ ಕಳೆದುಹೋಗಬಾರದಲ್ಲ? ಅದಕ್ಕಾಗಿ ಎರಡನೆಯ ಸುರುಳಿಯ ಕಾಂತಧ್ರುವವನ್ನೂ ತಿರುಗಿಸಿಟ್ಟರು. ಎರಡು ಬಾರಿ ತಿರುಗಿದ ಸಂಕೇತ ಕೂಡಿಕೊಳ್ಳುತ್ತದೆ, ಒಂದೇ ಬಾರಿ ತಿರುಗಿದ ಗುಂಯ್‌ಕಾರ ಅಳಿಯುತ್ತದೆ. ಎರಡು ಸುರುಳಿ ಸೇರಿ ಪ್ರೇರಕತ್ವ ಹೆಚ್ಚುವುದರಿಂದ ಅನುರಣನೆ ಕೆಳಗಿಳಿಯುತ್ತದೆ. 4.5 ಹೆನ್ರಿ ಎಂದು ಹಿಡಿದರೆ ಆರು ಮೀಟರ್ ಕೇಬಲ್ಲಿನಲ್ಲಿ ಸುಮಾರು 2,800 ಹರ್ಟ್ಸ್. ಹಂಬಕರಿನ ನಾದ ತುಂಬಿಕೊಂಡಂತೆ ಕೇಳುವುದರ ಗುಟ್ಟು ಬಹುಮಟ್ಟಿಗೆ ಇಷ್ಟೇ. ಅಕ್ಕಪಕ್ಕದಲ್ಲಿ ಮೋಟಾರು, ಗಿರಣಿ ಇರುವ ಮನೆಯವರು ಅಂಗಡಿಯಲ್ಲಿ ಒಂಟಿ ಸುರುಳಿಯ ಗಿಟಾರನ್ನು ಮೀಟದೆ ಸುಮ್ಮನೆ ಹಿಡಿದು, ಮೆಲ್ಲಗೆ ಸುತ್ತ ತಿರುಗಿ ಕೇಳಬೇಕು. ಗುಂಯ್‌ಕಾರ ಒಂದು ದಿಕ್ಕಿನಲ್ಲಿ ಏರಿ ಇನ್ನೊಂದರಲ್ಲಿ ಇಳಿಯುತ್ತದೆ. ಸುರುಳಿಯ ಅಕ್ಷಕ್ಕೂ ಕ್ಷೇತ್ರಕ್ಕೂ ನಡುವಿನ ಕೋನದ ಆಟ ಅದು.

ಪಿಕಪ್ ಎಲ್ಲಿದೆ ಎಂಬುದೂ ಮುಖ್ಯ. ತಂತಿಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ, ಕುದುರೆಯ ಕಡೆಯಿಂದ ಅಳೆದರೆ, ನಾಲ್ಕನೆಯ ಸಂಗತ ಸ್ವರಕ್ಕೆ ನಿಸ್ಪಂದ ಬಿಂದು. ಅಲ್ಲಿಟ್ಟ ಪಿಕಪ್ಪಿಗೆ, ಬಿಟ್ಟ ತಂತಿ ಮೀಟಿದಾಗ, ಆ ಸ್ವರ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಕುದುರೆಗೆ ಅಂಟಿದಂತಿರುವ ಪಿಕಪ್ಪಿನಲ್ಲಿ ಮೂಲಸ್ವರ ಕುಗ್ಗಿ ಮೇಲಿನ ಉಪಸ್ವರಗಳು ಎದ್ದು ನಿಲ್ಲುತ್ತವೆ. ಗಿಟಾರಿನ ಮೇಲಿನ ಸ್ವಿಚ್ಚನ್ನು ಅತ್ತಿತ್ತ ಮಾಡಿದಾಗ ಆಗುವ ಬದಲಾವಣೆ ಇದು.

ಇನ್ನು ಮರದ ವಿಷಯ. ಮರಕ್ಕೆ ಏನೂ ಕೆಲಸವಿಲ್ಲವೆಂದು ನಾನು ಹೇಳುತ್ತಿಲ್ಲ. ತಂತಿಯ ಎರಡು ತುದಿಗಳೂ ಮರದ ಮೇಲೆ ನಿಂತಿವೆ. ಯಾವುದೋ ಒಂದು ಆವೃತ್ತಿಯಲ್ಲಿ ಗಿಟಾರಿನ ದಂಡಿಯೇ ಸುಲಭವಾಗಿ ಕಂಪಿಸುವಂತಿದ್ದರೆ ತಂತಿಯ ಶಕ್ತಿ ಅದಕ್ಕೆ ಸೋರಿಹೋಗಿ ಆ ಸ್ವರ ಬೇಗನೆ ಸಾಯುತ್ತದೆ. ಜರ್ಮನಿಯ ಹೆಲ್ಮುಟ್ ಫ್ಲೈಷರ್ 1990ರ ದಶಕದಲ್ಲಿ ಇಂಥ ‘ಸತ್ತ ಜಾಗ’ಗಳನ್ನು ಅಳೆದು, ಇದರಲ್ಲಿ ದೊಡ್ಡ ಪಾತ್ರ ಮೈಯದಲ್ಲ, ದಂಡಿಯದು ಎಂದು ತೋರಿಸಿದರು. ಆದ್ದರಿಂದ ಮರದ ಹೆಸರು ಕೇಳುವುದಕ್ಕಿಂತ ಪ್ರತಿ ತಂತಿಯನ್ನು ಪ್ರತಿ ಮೆಟ್ಟಿಲಿನಲ್ಲಿ ಒತ್ತಿ ಮೀಟಿ, ಯಾವ ಸ್ವರವಾದರೂ ಉಳಿದವಕ್ಕಿಂತ ಬೇಗ ಅಡಗುತ್ತದೆಯೇ ಎಂದು ಕೇಳುವುದು ಮೇಲು. ಹತ್ತು ನಿಮಿಷದ ಕೆಲಸ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮರದ ಮಾತು ಬಂದಾಗ ನಮ್ಮ ಸೀಮೆಯವರು ತಿಳಿದಿರಬೇಕಾದ ಸಂಗತಿ ಒಂದಿದೆ. ದಂಡಿಯ ಮೇಲೆ ಬೆರಳಾಡುವ ಕಪ್ಪುಗೆಂಪು ಪಟ್ಟಿಯನ್ನು ‘ಈಸ್ಟ್ ಇಂಡಿಯನ್ ರೋಸ್‌ವುಡ್’ ಎಂದು ಪಟ್ಟಿಯಲ್ಲಿ ನಮೂದಿಸಿರುತ್ತಾರೆ. ಅದು ನಮ್ಮ ಬೀಟೆ, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಎಚ್.ಡಿ. ಕೋಟೆ, ನಾಗರಹೊಳೆ, ಕೊಡಗಿನ ಕಾಡುಗಳಲ್ಲಿ ತೇಗದ ಜೊತೆಗೆ ಬೆಳೆಯುವ ಮರ. ಮೈಸೂರಿನ ಕೆತ್ತನೆ ಕೂಡಿಸುವ ಕುಶಲಕರ್ಮಿಗಳ ಮರ. 1960ರ ದಶಕದ ಕೊನೆಯ ಹೊತ್ತಿಗೆ ಬ್ರೆಜಿಲಿನ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಗಿಟಾರ್ ಕಂಪನಿಗಳು ಇದರತ್ತ ತಿರುಗಿದವು. ಬೆರಳು ಉಜ್ಜಿ ಸವೆಯದ ಗಡಸುತನ, ತೇವ ಬದಲಾದರೂ ಹೆಚ್ಚು ಹಿಗ್ಗಿ ಕುಗ್ಗದ ಗುಣ, ಇವು ಬೀಟೆಯ ನಿಜವಾದ ಹೆಚ್ಚುಗಾರಿಕೆ. ಅಳಿವಿನ ಭಯದಿಂದ ಡಾಲ್ಬರ್ಜಿಯಾ ಕುಲವನ್ನೆಲ್ಲ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತಂದದ್ದು 2017ರ ಜನವರಿ 2ರಿಂದ. ಆ ವರ್ಷ ಫೆಂಡರ್ ಕಂಪನಿ ಮೆಕ್ಸಿಕೊದಲ್ಲಿ ತಯಾರಿಸುವ ಹಲವು ಮಾದರಿಗಳಲ್ಲಿ ಇದನ್ನು ಬಿಟ್ಟು ದಕ್ಷಿಣ ಅಮೆರಿಕದ ಪಾವ್ ಫೆರ್ರೊ ಮರವನ್ನು ಬಳಸತೊಡಗಿತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬೀಟೆ ಪಟ್ಟಿಗೆಂದು ಹೆಚ್ಚಿನ ಬೆಲೆ ಕೊಡುವವರು ಬಾಳಿಕೆಗೆ ಕೊಡುತ್ತಿದ್ದೇವೆ ಎಂದು ತಿಳಿದು ಕೊಡಲಿ.

ಮೆಟ್ಟಿಲುಗಳ ಸ್ಥಾನವನ್ನು ಮಾತ್ರ ಖಂಡಿತ ಪರೀಕ್ಷಿಸಿ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಶ್ರುತಿ ತಪ್ಪಿದರೆ ಮೇಳ ಕಟ್ಟಿಸಬಹುದು. ಗಿಟಾರಿನಲ್ಲಿ ಅವನ್ನು ಮರಕ್ಕೆ ಬಡಿದು ಕೂರಿಸಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಉಳಿದ ಉದ್ದವನ್ನು 17.817ರಿಂದ ಭಾಗಿಸಿದಷ್ಟು ಅಂತರ. ಫೆಂಡರ್ ಮಾದರಿಯ ಗಿಟಾರಿನಲ್ಲಿ ತಂತಿಯ ಉದ್ದ ಸುಮಾರು 648 ಮಿಲಿಮೀಟರ್. ಮೊದಲ ಮೆಟ್ಟಿಲು 36.4 ಮಿಲಿಮೀಟರಿನಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ರಲ್ಲಿ ಬರುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬೆರಳಿನಿಂದ ಸೋಕಿಸಿ ಮೀಟಿ. ಬಳಿಕ ಅದೇ ಜಾಗದಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಬೇಕು. ಮೊಬೈಲಿನ ಟ್ಯೂನರ್ ಇದನ್ನು ಸೆಂಟ್‌ಗಳಲ್ಲಿ ತೋರಿಸುತ್ತದೆ. ಒತ್ತಿದಾಗ ಸ್ವರ ಏರಿದ್ದರೆ ಕುದುರೆಯನ್ನು ತುಸು ಹಿಂದಕ್ಕೆ ಸರಿಸಲು ಹೇಳಿ. ತಿರುಪು ತಿರುಗಿಸುವ ಕೆಲಸ, ಗಿಟಾರನ್ನು ತಿರಸ್ಕರಿಸಲು ಕಾರಣವಲ್ಲ. ತಿರುಚಿದ ದಂಡಿ, ಎತ್ತರ ತಗ್ಗಾದ ಮೆಟ್ಟಿಲುಗಳು ಕಂಡರೆ ಮಾತ್ರ ಬಿಟ್ಟುಬಿಡಿ. ಗಿಬ್ಸನ್ ಮಾದರಿಯ ತಂತಿ ಸುಮಾರು 628 ಮಿಲಿಮೀಟರ್. ಒಂದೇ ತಂತಿ, ಒಂದೇ ಸ್ವರವಾದರೆ ಬಿಗಿತ ಉದ್ದದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದರಲ್ಲಿ ಬಿಗಿತ ಶೇಕಡ 6ರಷ್ಟು ಕಡಿಮೆ. ಹೊಸದಾಗಿ ಕಲಿಯುವ ಬೆರಳುಗಳಿಗೆ ಇದು ಗೊತ್ತಾಗುತ್ತದೆ.

ಹೋಲಿಸುವ ಕ್ರಮ ಪ್ರಯೋಗಾಲಯದ್ದೇ ಆಗಿರಲಿ: ಒಂದು ಬಾರಿಗೆ ಒಂದೇ ಅಂಶ ಬದಲಾಗಲಿ. ಅದೇ ಆಂಪ್ಲಿಫೈಯರ್, ಅದೇ ಕೇಬಲ್, ಗುಂಡಿಗಳು ಅದೇ ಸ್ಥಾನದಲ್ಲಿ. ಸದ್ದಿನ ಮಟ್ಟವೂ ಒಂದೇ ಇರಬೇಕು. ಸದ್ದು ತುಸು ಹೆಚ್ಚಾದರೆ ತಗ್ಗು ಮತ್ತು ತಾರ ಸ್ವರಗಳು ತುಂಬಿ ಬಂದಂತೆ ಕೇಳಿ, ಜೋರಾದದ್ದೇ ಚೆನ್ನ ಎನಿಸುತ್ತದೆ. ಗೋಡೆಯ ಮೇಲೆ ತಿಂಗಳುಗಟ್ಟಲೆ ತೂಗಿದ ಗಿಟಾರಿನ ತಂತಿಗಳು ಬೆವರು, ದೂಳಿನಿಂದ ಮಂಕಾಗಿರುತ್ತವೆ. ಹೊಸ ತಂತಿ ಹಾಕಿದರೆ ಅದೇ ಗಿಟಾರು ಬೇರೆಯಾಗಿ ಕೇಳೀತು. ಕೊನೆಗೆ ನೀವು ಬೆನ್ನು ತಿರುಗಿಸಿ ನಿಂತು ಗೆಳೆಯನಿಂದ ನುಡಿಸಿರಿ. ಯಾವುದು ಯಾವುದೆಂದು ಹತ್ತಕ್ಕೆ ಐದಾರು ಬಾರಿ ಮಾತ್ರ ಸರಿಯಾಗಿ ಹೇಳಿದರೆ ಅದು ನಾಣ್ಯ ಚಿಮ್ಮಿದ್ದಕ್ಕೆ ಸಮ. ನಲವತ್ತೈದು ಸಾವಿರದ ವ್ಯತ್ಯಾಸವನ್ನು ಅದಕ್ಕೆ ತೆರಬೇಕಾಗಿಲ್ಲ. ಅದರಲ್ಲೊಂದು ಭಾಗವನ್ನು ಒಳ್ಳೆಯ ಆಂಪ್ಲಿಫೈಯರಿಗೆ ಹಾಕಿದರೆ ನಾದಕ್ಕೆ ಹೆಚ್ಚು ಲಾಭ.

ಆಂಪ್ಲಿಫೈಯರ್ ಕೊಂಡಮೇಲೆ ಒಂದು ಎಚ್ಚರಿಕೆ. ಗಿಟಾರಿನ ತಂತಿಗಳು ಕೇಬಲ್ಲಿನ ಜಾಲರಿಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ, ಅಲ್ಲಿಂದ ಭೂಸಂಪರ್ಕಕ್ಕೆ ಸೇರಿರುತ್ತವೆ. ಗಣೇಶೋತ್ಸವದ ವೇದಿಕೆಗಳಲ್ಲಿ ಗುಂಯ್‌ಕಾರ ನಿಲ್ಲಲಿ ಎಂದೋ, ಎರಡು ತೂತಿನ ಸಾಕೆಟ್ಟಿಗೆ ಸೇರಲಿ ಎಂದೋ ಪ್ಲಗ್ಗಿನ ದಪ್ಪ ಪಿನ್ನನ್ನು ತಪ್ಪಿಸುವುದುಂಟು. ಒಂದು ಉಪಕರಣದಲ್ಲಿ ವಿದ್ಯುತ್ತು ಚೌಕಟ್ಟಿಗೆ ಸೋರಿದ್ದರೆ, ಕೈ ತಂತಿಯ ಮೇಲೂ ತುಟಿ ಮೈಕಿನ ಮೇಲೂ ಇರುವ ಹಾಡುಗಾರನ ದೇಹವೇ 230 ವೋಲ್ಟಿಗೆ ದಾರಿಯಾಗುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. ಮನೆಯಲ್ಲಿ ಭೂಸಂಪರ್ಕ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಅಳೆಸಿ, 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚನ್ನು ಹಾಕಿಸಿದ ಮೇಲೆಯೇ ಗಿಟಾರು ಹೊರಗೆ ಬರಲಿ.

ಗಿಟಾರು ಇಲ್ಲದ ಶಾಲೆಯಲ್ಲಿಯೂ ಇದೆಲ್ಲವನ್ನು ತೋರಿಸಬಹುದು. ಪಿಯು ಪ್ರಯೋಗಾಲಯದ ಸೊನೋಮೀಟರಿಗೆ ಉಕ್ಕಿನ ತಂತಿ ಬಿಗಿಯಿರಿ. ಹಳೆಯ ದೂರವಾಣಿಯ ಕಿವಿಭಾಗವನ್ನು ಬಿಚ್ಚಿ. ತೆಳುವಾದ ಕಬ್ಬಿಣದ ತಟ್ಟೆಯಿರುವ ಮಾದರಿಯೇ ಬೇಕು. ತಟ್ಟೆಯನ್ನು ತೆಗೆದರೆ ಒಳಗೆ ಕಾಂತ, ಅದರ ಮೇಲೆ ಸುರುಳಿ. ಅದರ ಎರಡು ತುದಿಗಳನ್ನು ಶಾಲೆಯ ಧ್ವನಿವರ್ಧಕದ ಮೈಕ್ ಸಾಕೆಟ್ಟಿಗೆ ಜೋಡಿಸಿ, ತಂತಿಯ ಕೆಳಗೆ ಮೂರು ನಾಲ್ಕು ಮಿಲಿಮೀಟರ್ ದೂರದಲ್ಲಿಟ್ಟು ಮೀಟಿ. ಸೊನೋಮೀಟರಿನ ನಾದ ಸ್ಪೀಕರಿನಲ್ಲಿ ಕೇಳುತ್ತದೆ. ಕಿವಿಭಾಗವನ್ನು ತಂತಿಯ ನಡುವಿನಿಂದ ತುದಿಯ ಕಡೆಗೆ ಸರಿಸುತ್ತ ಹೋದಂತೆ ನಾದ ತೆಳುವಾಗಿ ಚೂಪಾಗುವುದನ್ನು ಮಕ್ಕಳು ಗುರುತಿಸಲಿ. ಬಳಿಕ ಉಕ್ಕಿನ ತಂತಿ ಬಿಚ್ಚಿ ಹಿತ್ತಾಳೆಯದನ್ನು ಹಾಕಿ ಮೀಟಿ. ಸೊನೋಮೀಟರಿನ ಪೆಟ್ಟಿಗೆ ಮೊದಲಿನಂತೆಯೇ ನುಡಿಯುತ್ತದೆ, ಸ್ಪೀಕರು ಮಾತ್ರ ಹೆಚ್ಚುಕಡಿಮೆ ಮೌನ. ಏಕೆಂದು ವಿದ್ಯಾರ್ಥಿಗಳೇ ಹೇಳಲಿ.